ನಮ್ಮೂರ ಖಬರಸ್ತಾನದ ಚರಿತ್ರೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭಗಳಲ್ಲಿ ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಹಾಸ್ಟೆಲ್ಲು, ಉದ್ಯೋಗ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಖಬರಸ್ತಾನದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ ಎಂದಾಗ ಸಂಘದ ಹಿರಿಯರೊಬ್ಬರು, "ಮಕ್ಕಳಿಗೆ ಬಹುಮಾನ ಕೊಡೋ ದಿನ ಇದು ಬೇಕಾ ಟೀಚರಮ್ಮ?" ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದೇ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಸಾವಿನ ಮಾತಲ್ಲ, ಓದು ಬರಹದ ಮಾತು. ಒಂದು ಸಣ್ಣ ಹಳ್ಳಿಯ ಖಬರಸ್ತಾನದ ಚರಿತ್ರೆ ಬರೆಯಲು ಹೊರಟು ನಮ್ಮ ಮಕ್ಕಳೂ ನಾನೂ ಕಲಿತ ಪಾಠಗಳನ್ನು ತಮ್ಮ ಮುಂದೆ ಇಡುತ್ತೇನೆ.

ಆ ಹಳ್ಳಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಅದು ನನ್ನ ತಾಯಿಯ ತವರೂರು. ಹೆಸರನ್ನು ಬೇಕೆಂದೇ ಹೇಳುವುದಿಲ್ಲ. ಅಲ್ಲಿ ನೆರೆಹೊರೆಯವರ ನಡುವೆ ಒಂದು ಗಡಿಯ ಮಾತು ಈಗಷ್ಟೇ ತಣ್ಣಗಾಗಿದೆ. ನನ್ನ ಭಾಷಣದಿಂದ ಅದು ಮತ್ತೆ ಬಿಸಿಯಾಗುವುದು ಬೇಡ.

2024ರ ಡಿಸೆಂಬರ್ ತಿಂಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ 'ನಮ್ಮ ಊರಿನ ಇತಿಹಾಸ' ಎಂಬ ಪ್ರಬಂಧ ಬರೆಯಲು ಕೊಟ್ಟೆ. ಎಲ್ಲರೂ ಒಂದೇ ಪ್ರಬಂಧ ಬರೆದು ತಂದರು. ಚಿತ್ರದುರ್ಗದ ಕೋಟೆ, ಮದಕರಿ ನಾಯಕ, ಓಬವ್ವ, 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದದ್ದು, ಕೊನೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ. ಎಲ್ಲವೂ ಸರಿಯೇ. ಆದರೆ ಒಂದು ಪ್ರಬಂಧದಲ್ಲಿಯೂ ಅವರವರ ಊರು ಇರಲಿಲ್ಲ. "ನಿಮ್ಮ ಮನೆಯವರು ಎಲ್ಲಿದ್ದಾರೆ ಇದರಲ್ಲಿ?" ಎಂದು ಕೇಳಿದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮ ದಾದಿ ಖಬರಸ್ತಾನದಲ್ಲಿದ್ದಾರೆ. ಅದು ಇತಿಹಾಸ ಆಗುತ್ತಾ?" ಎಂದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಉತ್ತರ ಗೊತ್ತಿರಲಿಲ್ಲವಾದ್ದರಿಂದ, ನಾಳೆ ಹೇಳುತ್ತೇನೆ ಎಂದೆ.

ಮರುದಿನ ಉತ್ತರವಾಗಿ ನಮ್ಮ ತಾಲ್ಲೂಕಿನಲ್ಲೇ ಇರುವ ಬ್ರಹ್ಮಗಿರಿಯ ಪಾಠ ಮಾಡಿದೆ. ಬ್ರಹ್ಮಗಿರಿ ಎಂದರೆ ಎಲ್ಲರಿಗೂ ಅಶೋಕನ ಶಾಸನ ನೆನಪಾಗುತ್ತದೆ. ಆದರೆ ಅದೇ ಬೆಟ್ಟದ ಬುಡದಲ್ಲಿ ಬಹಳ ಹಳೆಯದಾದ ಒಂದು ಸಮಾಧಿಭೂಮಿಯೂ ಇದೆ. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಅಲ್ಲಿ ಉತ್ಖನನ ನಡೆಸಿದರು. ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಪೆಟ್ಟಿಗೆಯಂತೆ ಮಾಡಿದ ಗೋರಿಗಳು, ಸುತ್ತಲೂ ಕಲ್ಲಿನ ವೃತ್ತ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಮೂಳೆಗಳು, ಕಪ್ಪು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಸಾಮಾನುಗಳು. ಅದಕ್ಕಿಂತಲೂ ಹಿಂದಿನ ಕಾಲದ ಜನರು ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರೆಂಬುದೂ ಅಲ್ಲಿಯೇ ತಿಳಿಯಿತು. ಇಂಥ ಕಲ್ಲುಗೋರಿಗಳನ್ನು ನಮ್ಮ ನಾಡಿನ ಜನ ಪಾಂಡವರ ಮನೆ, ಮೋರೇರ ಮನೆ ಎಂದೆಲ್ಲ ಕರೆಯುತ್ತಾರೆ.

ಆ ಜನರಿಗೆ ಬರವಣಿಗೆ ಇರಲಿಲ್ಲ. ಅವರ ರಾಜ ಯಾರು, ಭಾಷೆ ಯಾವುದು ನಮಗೆ ಗೊತ್ತಿಲ್ಲ. ಅವರು ಕಬ್ಬಿಣ ಕಾಯಿಸುತ್ತಿದ್ದರು, ಎಂಥ ಮಡಕೆಯಲ್ಲಿ ಉಣ್ಣುತ್ತಿದ್ದರು, ತೀರಿಹೋದವರನ್ನು ಎಷ್ಟು ಕಾಳಜಿಯಿಂದ ಇಡುತ್ತಿದ್ದರು ಎಂಬುದು ಮಾತ್ರ ಗೊತ್ತು. ಅದನ್ನು ಹೇಳಿದ್ದು ಅವರ ಗೋರಿಗಳು. ಹೀಗಿರುವಾಗ ನಮ್ಮ ದಾದಿಯ ಗೋರಿ ಇತಿಹಾಸ ಏಕಾಗಬಾರದು? ಆ ಹುಡುಗಿಗೆ ನಾನು ಹೇಳಿದ ಉತ್ತರ ಇದು.

ಅದೇ ಬ್ರಹ್ಮಗಿರಿಯಲ್ಲಿ ಇನ್ನೊಂದು ಪಾಠವಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಬೋಧನೆ ಅಲ್ಲಿದೆ. ಶಾಸನದ ಕೊನೆಗೆ ಅದನ್ನು ಬರೆದ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನೂ ಸೇರಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠೀ ನಮ್ಮ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಬೆಳಿಗ್ಗೆ ಬಲದಿಂದ ಎಡಕ್ಕೂ ಮಧ್ಯಾಹ್ನ ಎಡದಿಂದ ಬಲಕ್ಕೂ ಬೋರ್ಡಿನ ಮೇಲೆ ಬರೆಯುವ ನನಗೆ ಈ ಸಂಗತಿ ಓದಿದಾಗ ಬಹಳ ಸಂತೋಷವಾಯಿತು. ಜೊತೆಗೆ ಒಂದು ನೋವೂ ಆಯಿತು. ಅವನು ರಾಜನಲ್ಲ, ಸೇನಾಪತಿಯಲ್ಲ, ಬರೆಯುವ ಕೆಲಸದವನು. ಬರೆದಿಟ್ಟಿದ್ದರಿಂದ 2200 ವರ್ಷಗಳಿಗೂ ಮೀರಿ ಅವನ ಹೆಸರು ಉಳಿಯಿತು. ಅದೇ ತಾಲ್ಲೂಕಿನಲ್ಲಿ ಮಣ್ಣಾದ ನನ್ನ ನಾನಿಯ ಗೋರಿ ಯಾವುದೆಂದು 25 ವರ್ಷಕ್ಕೇ ನಮಗೆ ಗೊತ್ತಾಗುತ್ತಿಲ್ಲ.

ನಾನಿ ತೀರಿಕೊಂಡಾಗ ನಾನು ಆರನೇ ತರಗತಿ. ನನ್ನ ಮಾಮು ಅಲ್ಲಿ ಒಂದು ಕಲ್ಲು ಇಟ್ಟು ಬಂದಿದ್ದರು. ಯಾವ ಕಲ್ಲು ಎಂಬುದು ಅವರಿಗೆ ಗೊತ್ತಿತ್ತು. 2021ರಲ್ಲಿ ಕೊರೊನಾ ಎರಡನೇ ಅಲೆಯಲ್ಲಿ ಮಾಮು ಹೋದರು. ಅವರ ಜೊತೆಗೆ ಆ ತಿಳಿವಳಿಕೆಯೂ ಹೋಯಿತು. ಹೆಣ್ಣುಮಕ್ಕಳು ಖಬರಸ್ತಾನಕ್ಕೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಅದರ ಸರಿ ತಪ್ಪು ಹೇಳಲು ನಾನು ಆಲಿಮಾ ಅಲ್ಲ. ಆದರೆ ಅದರ ಒಂದು ಪರಿಣಾಮವನ್ನು ಹೇಳಬಲ್ಲೆ. ಯಾರು ಎಲ್ಲಿ ಮಲಗಿದ್ದಾರೆಂಬುದು ಗಂಡಸರಿಗೆ ಗೊತ್ತು, ಅವರು ಬರೆದಿಡುವುದಿಲ್ಲ. ಯಾರು ಯಾವ ವರ್ಷ, ಯಾವ ಕಾಯಿಲೆಯಿಂದ ಹೋದರೆಂಬುದು ಹೆಂಗಸರಿಗೆ ನೆನಪು, ಅವರನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ನಾವು ಕೆಲಸವನ್ನು ಹಂಚಿಕೊಂಡೆವು. ಮುತವಲ್ಲಿಯವರ ಮತ್ತು ಇಮಾಂ ಸಾಹೇಬರ ಅನುಮತಿ ಪಡೆದು, ಒಂದು ಭಾನುವಾರ ಅಸರ್ ನಮಾಜಿನ ನಂತರ ಹುಡುಗರು ಟೇಪು, ನೋಟ್‌ಬುಕ್ಕು ಹಿಡಿದು ಒಳಗೆ ಹೋದರು. ಮಲಗಿರುವವರಿಗೆ ಸಲಾಂ ಹೇಳಿ, ಗೋರಿಗಳ ಮೇಲೆ ಕಾಲಿಡದಂತೆ ನಡೆಯಬೇಕೆಂದು ಇಮಾಂ ಸಾಹೇಬರು ಮೊದಲೇ ತಾಕೀತು ಮಾಡಿದ್ದರು. ಹುಡುಗಿಯರು ನನ್ನ ಜೊತೆ ಮನೆಮನೆಗೆ ಬಂದರು. ಊರಿನ ವಯಸ್ಸಾದ ಹೆಂಗಸರ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಂಡರು.

ಮೊದಲು ಹುಡುಗರು ಕಂಡದ್ದನ್ನು ಹೇಳುತ್ತೇನೆ. ಊರಿನ ಪಶ್ಚಿಮಕ್ಕೆ, ಹಳ್ಳದ ದಂಡೆಯಲ್ಲಿರುವ ಏರು ನೆಲ. ಜಾಲಿ, ಕಳ್ಳಿ, ಎರಡು ಬೇವು, ಒಂದು ಹಳೆಯ ಹುಣಸೆ. ಗೋರಿಗಳೆಲ್ಲ ಉತ್ತರ ದಕ್ಷಿಣವಾಗಿವೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ, ಅಂದರೆ ಖಿಬ್ಲಾದ ಕಡೆಗೆ. ಇದು ನಮ್ಮ ದೇಶದ ಮುಸ್ಲಿಂ ಗೋರಿಗಳ ಗುರುತು. ಮಣ್ಣಿನ ದಿಬ್ಬ ಒಂದು ಗೇಣಿಗಿಂತ ಎತ್ತರವಿಲ್ಲ. ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಹೊಲದಿಂದ ತಂದ ಕಾಡುಕಲ್ಲು. ಅಕ್ಷರವಿರುವ ಕಲ್ಲುಗಳು ಏಳೇ ಏಳು. ಅವುಗಳಲ್ಲಿ ನಾಲ್ಕು ಉರ್ದುವಿನಲ್ಲಿ, ಎರಡು ಕನ್ನಡದಲ್ಲಿ ಇವೆ. ಒಂದರ ಮೇಲಿನ ಬಣ್ಣ ಮಳೆಗೆ ಅಳಿಸಿಹೋಗಿ ಯಾವ ಭಾಷೆಯೆಂದೂ ತಿಳಿಯುವುದಿಲ್ಲ. ಏಳೂ ಗಂಡಸರವೇ.

ಒಂದು ಮೂಲೆಯಲ್ಲಿ ಚಿಕ್ಕ ಚಿಕ್ಕ ದಿಬ್ಬಗಳ ಗುಂಪು ಇತ್ತು. ಹುಡುಗರು ಅವು ಕುಸಿದ ಗೋರಿಗಳೆಂದು ಬರೆದುಕೊಂಡು ಬಂದರು. ಸಂಜೆ ಒಬ್ಬ ಅಜ್ಜಿಗೆ ಅದನ್ನು ಓದಿ ಹೇಳಿದಾಗ ಆಕೆ, "ಕುಸಿದಿಲ್ಲ ಮಗಾ, ಅವು ಕೂಸುಗಳವು" ಎಂದರು. ಸೂಲಗಿತ್ತಿಯ ಕೈಯಲ್ಲೇ ಹೆರಿಗೆಯಾಗುತ್ತಿದ್ದ ಕಾಲ. ಆ ಅಜ್ಜಿಯ ಇಬ್ಬರು ಮಕ್ಕಳು ಅಲ್ಲಿದ್ದಾರೆ. ಒಬ್ಬ ಮಗನಿಗೆ ಹೆಸರು ಇಡುವ ಮೊದಲೇ ಮಣ್ಣು ಕೊಟ್ಟರಂತೆ. ಬ್ರಹ್ಮಗಿರಿಯ ಮಡಕೆಯ ಕೂಸುಗಳ ಬಗ್ಗೆ ಕೇಳಿದ್ದ ನಮ್ಮ ಹುಡುಗಿಯರು ಆಗ ಏನೂ ಮಾತನಾಡಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಆ ಸಾಲು ಹೀಗಿದೆ: ಹೆಸರು ಇಲ್ಲ, ತಾಯಿಯ ಹೆಸರು ಇದೆ.

ಹುಡುಗಿಯರು ಸಂಗ್ರಹಿಸಿದ ಹೆಸರುಗಳು ಕಲ್ಲಿನ ಮೇಲಿದ್ದ ಹೆಸರುಗಳಿಗಿಂತ ಎಷ್ಟೋ ಪಾಲು ಹೆಚ್ಚು. ಅಜ್ಜಿಯರು ಕಾಲವನ್ನು ಇಸವಿಯಿಂದ ಹೇಳುವುದಿಲ್ಲ. ಕೆರೆ ಕೋಡಿ ಬಿದ್ದ ವರ್ಷ, ಕರೆಂಟು ಬಂದ ವರ್ಷ, ದೊಡ್ಡ ಮಗಳ ನಿಕಾಹ್ ಆದ ಮೇಲೆ ಎನ್ನುತ್ತಾರೆ. ಅವನ್ನು ಇಸವಿಗೆ ಹೊಂದಿಸುವುದೇ ಮಕ್ಕಳಿಗೆ ಒಂದು ಲೆಕ್ಕದ ಪಾಠವಾಯಿತು. ತಮ್ಮ ಅತ್ತೆಯಂದಿರಿಂದ ಕೇಳಿದ ಮಾತೆಂದು ಕೆಲವರು ಪ್ಲೇಗಿನ ಸುದ್ದಿ ಹೇಳಿದರು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದದ್ದು 1898ರಲ್ಲಿ, ಆಮೇಲೂ ಹಲವು ವರ್ಷ ಅದು ಮರಳಿ ಮರಳಿ ಬಂತು. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಒಂದು ದಿನ ಗುಂಡಿ ತೋಡಿದವನಿಗೆ ಮರುದಿನ ಇನ್ನೊಬ್ಬರು ತೋಡಿದರು ಎಂಬ ಮಾತು ಆ ಕಾಲದ್ದೇ ಇರಬೇಕು. ಇಂಥ ಮಾತುಗಳನ್ನು 'ಹೀಗೆ ಹೇಳುತ್ತಾರೆ' ಎಂದೇ ಬರೆಯಬೇಕು, ನಡೆದದ್ದು ಎಂದು ಬರೆಯಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟೆ.

ಕೊರೊನಾದ ಸಂಗತಿ ಹಾಗಲ್ಲ, ಅದು ನಾವೇ ಕಂಡದ್ದು. ಜನಾಜಾಕ್ಕೆ ಊರೆಲ್ಲ ಹೆಗಲು ಕೊಡುವ ರೂಢಿಯಿದ್ದಲ್ಲಿ ಕವಚ ತೊಟ್ಟ ನಾಲ್ಕೈದು ಜನ ಮಾತ್ರ ಹೋದರು. ಮಾಮುವಿಗೆ ಮೂರು ಹಿಡಿ ಮಣ್ಣು ಕೊಡಲು ಅವರ ಸ್ವಂತ ಮಗನಿಗೂ ಆಗಲಿಲ್ಲ, ಅವನೂ ಆಸ್ಪತ್ರೆಯಲ್ಲಿದ್ದ. 2021ರ ಮೇ ತಿಂಗಳ ಆ ಗೋರಿಗಳು ಒಂದೇ ಸಾಲಿನಲ್ಲಿವೆ. ನೂರು ವರ್ಷದ ನಂತರ ಯಾರಾದರೂ ಅವನ್ನು ನೋಡಿದರೆ ಏಕೆ ಒಂದೇ ಸಾಲು ಎಂದು ಕೇಳುತ್ತಾರೆ. ಉತ್ತರವನ್ನು ಈಗಲೇ ಬರೆದಿಡುವುದು ನಮ್ಮ ಕೆಲಸ.

ಇಲ್ಲಿ ಒಂದು ಶಬ್ದದ ಮಾತು ಹೇಳುತ್ತೇನೆ. ಅರಬ್ಬಿಯಲ್ಲಿ ಗೋರಿಗೆ 'ಕಬ್ರ್' ಎನ್ನುತ್ತಾರೆ. ಅದರ ಮೊದಲ ಅಕ್ಷರ ದೊಡ್ಡ ಕಾಫ್. ನಮ್ಮ ದಖ್ಖನಿ ನಾಲಿಗೆ ದೊಡ್ಡ ಕಾಫನ್ನು ಖೇ ಮಾಡಿ ನುಡಿಯುತ್ತದೆ. ಹಾಗಾಗಿ ನಮ್ಮ ಬಾಯಲ್ಲಿ ಅದು 'ಖಬರ್' ಆಯಿತು, ಜಾಗ 'ಖಬರಸ್ತಾನ' ಆಯಿತು. ಉರ್ದುವಿನಲ್ಲಿ ಖಬರ್ ಎಂದರೆ ಸುದ್ದಿ. ಕನ್ನಡದಲ್ಲಿಯೂ ಖಬರಿಲ್ಲ ಎಂದರೆ ಎಚ್ಚರವಿಲ್ಲ ಎಂದು ಅರ್ಥ. ಬರವಣಿಗೆಯಲ್ಲಿ ಬೇರೆ ಬೇರೆ ಇರುವ ಎರಡು ಶಬ್ದಗಳು ನಮ್ಮ ಬಾಯಲ್ಲಿ ಒಂದಾಗಿವೆ. ಪರೀಕ್ಷೆಯಲ್ಲಿ ಮಕ್ಕಳು ಇದನ್ನು ತಪ್ಪು ಬರೆದರೆ ನಾನು ಅಂಕ ಕಳೆಯುತ್ತೇನೆ. ಆದರೆ ಆ ಊರಿನಲ್ಲಿ ಓಡಾಡಿದ ಮೇಲೆ, ಖಬರಸ್ತಾನದ ಖಬರು ನಮಗೇ ಇಲ್ಲವಲ್ಲ ಎಂದು ಅನ್ನಿಸಿತು.

ಇನ್ನು ಕಾಗದ ಪತ್ರಗಳ ಮಾತು. ಇತಿಹಾಸಕ್ಕೆ ನೆಲ ಒಂದು ಸಾಕ್ಷಿ, ಬಾಯಿ ಒಂದು ಸಾಕ್ಷಿ, ಕಾಗದ ಇನ್ನೊಂದು ಸಾಕ್ಷಿ. ಮೂರೂ ಒಂದೇ ಮಾತು ಹೇಳಿದರೆ ಒಳ್ಳೆಯದು. ನಮ್ಮಲ್ಲಿ ಮೂರೂ ಬೇರೆ ಬೇರೆ ಹೇಳಿದವು.

ಬಾಯಿಯ ಸಾಕ್ಷಿ ಹೀಗಿದೆ. ಆ ಜಾಗವನ್ನು ಹಿಂದೆ ಊರಿನ ಗೌಡರೊಬ್ಬರು ನಮ್ಮ ಪಿಂಜಾರ ಹಿರಿಯರಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರು. ಬಿಲ್ಲು ಹೊತ್ತು ಮನೆಮನೆಗೆ ಹೋಗಿ ಹತ್ತಿ ಬಡಿದು ಹಾಸಿಗೆ ಮಾಡಿಕೊಡುತ್ತಿದ್ದ ಜನ ಒಂದು ಊರಿನಲ್ಲಿ ನೆಲೆ ನಿಂತದ್ದೇ ಆಗ ಎನ್ನುತ್ತಾರೆ. ಇನ್ನು ಕೆಲವರು, ನಾವು ಹೈದರನ ಕಾಲದಲ್ಲಿ ಬಂದವರು ಎನ್ನುತ್ತಾರೆ. ಇದು ನಮ್ಮ ಎಲ್ಲ ಊರುಗಳಲ್ಲಿಯೂ ಕೇಳುವ ಮಾತು. ಆದರೆ ಹಿರಿಯೂರು ದಾಟಿದರೆ ಸಿಗುವ ಶಿರಾ 1687ರಿಂದಲೇ ಮೊಘಲರ ಸುಬಾದ ಕೇಂದ್ರವಾಗಿತ್ತು, ಅದಕ್ಕೂ ಮೊದಲು ಬಿಜಾಪುರದವರ ಕೈಯಲ್ಲಿತ್ತು. ಹೈದರನಿಗಿಂತ ಹಿಂದೆಯೂ ಈ ಸೀಮೆಯಲ್ಲಿ ಮುಸ್ಲಿಮರು ಓಡಾಡಿಕೊಂಡಿದ್ದರು. ಆದ್ದರಿಂದ ಆಧಾರವಿಲ್ಲದೆ ಯಾವ ಕಾಲವನ್ನೂ ಹಚ್ಚಿಕೊಳ್ಳಬಾರದು. ನಮ್ಮ ಖಬರಸ್ತಾನದಲ್ಲಿ ಇಸವಿ ಓದಬಹುದಾದ ಅತ್ಯಂತ ಹಳೆಯ ಕಲ್ಲು 1950ರ ದಶಕದ್ದು. ಅದಕ್ಕಿಂತ ಹಿಂದಿನದನ್ನು ನಾವು 'ಹೇಳಿಕೆ' ಎಂದು ಬರೆದುಕೊಂಡಿದ್ದೇವೆ.

ಕಾಗದದ ಸಾಕ್ಷಿ ಇನ್ನೊಂದು ಬಗೆ. 1954ರ ವಕ್ಫ್ ಕಾಯ್ದೆಯ ಪ್ರಕಾರ ಸರ್ವೆ ನಡೆಸಿ, ಮಸೀದಿ, ದರ್ಗಾ, ಖಬರಸ್ತಾನಗಳ ಪಟ್ಟಿಯನ್ನು ಗೆಜೆಟ್‌ನಲ್ಲಿ ಪ್ರಕಟಿಸುವ ವ್ಯವಸ್ಥೆ ಬಂತು. ಮುತವಲ್ಲಿಯವರ ಪೆಟ್ಟಿಗೆಯಲ್ಲಿ ಆ ಪುಟದ ಜೆರಾಕ್ಸ್ ಪ್ರತಿ ಸಿಕ್ಕಿತು. ಅದರಲ್ಲಿ ನಮ್ಮ ಖಬರಸ್ತಾನ ಒಂದು ಎಕರೆ. ಪಹಣಿ ತೆಗೆಸಿದರೆ ಆ ಸರ್ವೆ ನಂಬರಿನಲ್ಲಿ ಖಬರಸ್ತಾನ ಎಂಬ ಶಬ್ದವೇ ಇಲ್ಲ, ಖರಾಬು ಎಂದಷ್ಟೇ ಇದೆ. ಸಾಗುವಳಿಗೆ ಬಾರದ, ಕಂದಾಯ ಕಟ್ಟದ ಜಾಗಕ್ಕೆ ಖರಾಬು ಎನ್ನುತ್ತಾರೆ. ಅದರಲ್ಲಿಯೂ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದಕ್ಕೆ 'ಬಿ' ಖರಾಬು ಎಂದು ಹೆಸರು.

ನೆಲದ ಸಾಕ್ಷಿಯನ್ನು ಮಕ್ಕಳೇ ಅಳೆದರು. ಉದ್ದ 198 ಅಡಿ, ಅಗಲ 165 ಅಡಿ. ಗುಣಿಸಿದರೆ 32,670 ಚದರ ಅಡಿ. ಒಂದು ಗುಂಟೆಗೆ 1089 ಚದರ ಅಡಿ. ಭಾಗಿಸಿದರೆ 30 ಗುಂಟೆ. ಒಂದು ಎಕರೆಗೆ 40 ಗುಂಟೆ. ಹಾಗಾದರೆ ಉಳಿದ 10 ಗುಂಟೆ ಎಲ್ಲಿ? ಗಣಿತದ ಪುಸ್ತಕದ ಯಾವ ಲೆಕ್ಕಕ್ಕೂ ನಮ್ಮ ಮಕ್ಕಳು ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಟೇಪು ಹಿಡಿದ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಪಕ್ಕದ ಹೊಲದ ಯಜಮಾನರು ಮರುದಿನವೇ ಬಂದರು. "ಏನ್ ಟೀಚರಮ್ಮ, ಹುಡುಗ್ರನ್ನ ಕರ್ಕಂಡು ಬಂದು ನಮ್ಮ ಹೊಲ ಅಳಿಸ್ತಿದೀರಂತೆ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಅದಕ್ಕೆ ಕಾರಣವೂ ಇತ್ತು. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ವಕ್ಫ್ ಹೆಸರಿನಲ್ಲಿ ನೋಟಿಸು ಹೋದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ನೋಟಿಸುಗಳನ್ನು ವಾಪಸು ಪಡೆಯಲು ಸರ್ಕಾರವೇ ಸೂಚಿಸಬೇಕಾಯಿತು. ಮಳೆಯಿಲ್ಲದ ನಮ್ಮ ಸೀಮೆಯಲ್ಲಿ ಎರಡು ಎಕರೆ ಶೇಂಗಾ ಹೊಲವೇ ಒಂದು ಸಂಸಾರದ ಅನ್ನ. ಅದಕ್ಕೆ ಕುತ್ತು ಬರುತ್ತದೆ ಎಂದರೆ ಯಾರಿಗಾದರೂ ಎದೆ ನಡುಗುತ್ತದೆ. ನಮ್ಮ ಜಾಗ ಹೋಗುತ್ತದೆಂಬ ಭಯ ನಮಗಿರುವಂತೆ ಅವರ ಜಾಗ ಹೋಗುತ್ತದೆಂಬ ಭಯ ಅವರಿಗೂ ಇದೆ. ಇದನ್ನು ಮರೆತು ಖಬರಸ್ತಾನದ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ನಾವು ನೋಟ್‌ಬುಕ್ಕನ್ನು ಅವರ ಮುಂದೆ ಬಿಚ್ಚಿಟ್ಟೆವು. "ಯಜಮಾನರೇ, ನಾವು ಬರೆದುಕೊಂಡದ್ದು ಇಷ್ಟು. ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇವೆ" ಎಂದೆ. ಅವರು ಬಹಳ ಹೊತ್ತು ನಕ್ಷೆ ನೋಡಿದರು. ಆಮೇಲೆ ಹುಡುಗರನ್ನು ಕರೆದುಕೊಂಡು ಹೋಗಿ ಕಳ್ಳಿಯ ಪೊದೆಯೊಳಗೆ ಹುದುಗಿದ್ದ ಒಂದು ಬಾಂದುಕಲ್ಲು ತೋರಿಸಿದರು. ತಮ್ಮ ತಂದೆ ಅದನ್ನು ದಾಟಿ ನೇಗಿಲು ಹೂಡಬಾರದೆಂದು ಹೇಳಿದ್ದರಂತೆ. ಆ ಕಲ್ಲಿನಿಂದ ಅಳೆದಾಗ ಅವರ ಕಡೆಗೆ ಹೋಗಿದ್ದದ್ದು ಒಂದು ಗುಂಟೆಗೂ ಕಡಿಮೆ. ಉಳಿದದ್ದರಲ್ಲಿ ಸ್ವಲ್ಪವನ್ನು ರಸ್ತೆ ನುಂಗಿತ್ತು, ಹೆಚ್ಚಿನದನ್ನು ಹಳ್ಳ ಕೊರೆದಿತ್ತು. ಇಷ್ಟು ವರ್ಷ ನಮ್ಮವರು ಕಟ್ಟೆಯ ಮೇಲೆ ಕುಳಿತು ಪಕ್ಕದ ಹೊಲದವರ ಮೇಲೆ ಹೊರಿಸುತ್ತಿದ್ದ ದೂರಿನಲ್ಲಿ ಬಹುಪಾಲು ಹಳ್ಳದ ನೀರಿನದ್ದಾಗಿತ್ತು! ಅಳೆಯದೆ ಆಡಿದ ಮಾತಿನಿಂದ ಎಷ್ಟು ವೈಮನಸ್ಯ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ? ಈಗ ಎರಡೂ ಕಡೆಯವರು ಸೇರಿ ಅಳತೆಗೆ ಅರ್ಜಿ ಕೊಟ್ಟಿದ್ದಾರೆ. ಒಂದು ಕಚೇರಿಯಲ್ಲಿ ಆ ಅರ್ಜಿ ಎರಡು ಸಲ ಕಾಣೆಯಾಯಿತು, ಮೂರನೆಯ ಸಲ ಕೊಟ್ಟು ಸ್ವೀಕೃತಿ ಪಡೆದುಕೊಂಡು ಬಂದಿದ್ದೇವೆ. ವಿದ್ಯಾರ್ಥಿಗಳೇ, ಸ್ವೀಕೃತಿ ಇಲ್ಲದೆ ಯಾವ ಅರ್ಜಿಯನ್ನೂ ಕೊಟ್ಟು ಬರಬೇಡಿ.

ಕಾಗದ ಏಕೆ ಇಷ್ಟು ಮುಖ್ಯವೆಂದು ಹಿರಿಯರಿಗೆ ಗೊತ್ತಿದೆ, ಮಕ್ಕಳಿಗೆ ಸರಳವಾಗಿ ಹೇಳುತ್ತೇನೆ. ಹಳ್ಳಿಗಳ ಖಬರಸ್ತಾನಗಳಲ್ಲಿ ಹೆಚ್ಚಿನವಕ್ಕೆ ದಾನಪತ್ರವಿಲ್ಲ. ತಲೆತಲಾಂತರದಿಂದ ಹೂಳುತ್ತಾ ಬಂದಿದ್ದೇ ಅವುಗಳ ಆಧಾರ. ಇದಕ್ಕೆ ಕಾನೂನಿನಲ್ಲಿ 'ಬಳಕೆಯಿಂದಾದ ವಕ್ಫ್' ಎಂಬ ಮಾನ್ಯತೆ ಇತ್ತು. 2025ರ ಏಪ್ರಿಲ್ 8ರಂದು ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ಮುಂದಕ್ಕೆ ಆ ದಾರಿಯನ್ನು ಮುಚ್ಚಿತು. ಅದಕ್ಕೆ ಮೊದಲೇ ನೋಂದಣಿಯಾದವು, ವಿವಾದದಲ್ಲಿಲ್ಲದಿದ್ದರೆ ಮತ್ತು ಸರ್ಕಾರಿ ಜಾಗವಲ್ಲದಿದ್ದರೆ, ವಕ್ಫ್ ಆಗಿಯೇ ಉಳಿಯುತ್ತವೆ. ಆಸ್ತಿಗಳ ವಿವರ ತುಂಬಲು 2025ರ ಜೂನ್ 6ರಂದು 'ಉಮೀದ್' ಎಂಬ ಪೋರ್ಟಲ್ ಬಂತು. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಕಾಯ್ದೆಯ ಕೆಲವು ಅಂಶಗಳಿಗೆ ತಡೆ ನೀಡಿತು, ಇಡೀ ಕಾಯ್ದೆಗೆ ತಡೆ ನೀಡಲಿಲ್ಲ. ಈ ಕಾಯ್ದೆಯ ಪರ ವಿರೋಧ ಮಾತನಾಡುವ ವೇದಿಕೆ ಇದಲ್ಲ. ನಾನು ಹೇಳುವುದಿಷ್ಟೇ: ನೆನಪಿನ ಮೇಲೆ ನಿಂತಿದ್ದ ಜಾಗಗಳು ಇನ್ನು ಕಾಗದದ ಮೇಲೆ ನಿಲ್ಲಬೇಕಾಗಿದೆ. ತಮ್ಮ ಊರಿನ ಜಾಗ ಗೆಜೆಟ್‌ನಲ್ಲಿದೆಯೇ, ವಕ್ಫ್ ಮಂಡಳಿಯಲ್ಲಿ ನೋಂದಣಿಯಾಗಿದೆಯೇ, ಪಹಣಿಯಲ್ಲಿ ಏನಿದೆ, ಗ್ರಾಮ ನಕ್ಷೆಯಲ್ಲಿ ಏನಿದೆ ಎಂದು ಜಮಾತಿನ ಹಿರಿಯರು ದಯವಿಟ್ಟು ವಿಚಾರಿಸಬೇಕು. ಓದಿದ ಮಕ್ಕಳು ಅವರ ಜೊತೆಗೆ ಹೋಗಬೇಕು.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ನಮ್ಮ ಸೀಮೆಯಲ್ಲಿ ತೀರಿದವರನ್ನು ಹೂಳುವ ಜನ ಅನೇಕರಿದ್ದಾರೆ. ಲಿಂಗಾಯತರಲ್ಲಿ ಆ ಪದ್ಧತಿ ಇದೆ, ಕ್ರೈಸ್ತರಲ್ಲಿ ಇದೆ, ದಲಿತ ಬಂಧುಗಳಲ್ಲಿ ಬಹಳ ಜನ ಹೂಳುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಅವರಿಗೆ ಹಳ್ಳದ ದಂಡೆಯೇ ಗತಿ. 2019ರಲ್ಲಿ ನಮ್ಮ ರಾಜ್ಯದ ಹೈಕೋರ್ಟು, ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಬೇಕೆಂದು ಸರ್ಕಾರಕ್ಕೆ ಆದೇಶಿಸಿತು. ಆ ಆದೇಶ ಜಾರಿಯಾಗದ್ದಕ್ಕೆ ಮುಂದೆ ನ್ಯಾಯಾಂಗ ನಿಂದನೆಯ ಪ್ರಕರಣವೂ ನಡೆಯಿತು. ನಮ್ಮ ಜಾಗದ ಅಳತೆಗೆ ಗ್ರಾಮ ಪಂಚಾಯಿತಿಗೆ ಹೋದಾಗ ಕೇರಿಯವರ ಸ್ಮಶಾನದ ಅರ್ಜಿಯನ್ನೂ ನಮ್ಮ ಹುಡುಗರೇ ಬರೆದುಕೊಟ್ಟರು. ಕನ್ನಡದಲ್ಲಿ ಒಂದು ಅರ್ಜಿ ಸರಿಯಾಗಿ ಬರೆಯಲು ಬಂದರೆ ಅದು ಎಷ್ಟು ಜನರಿಗೆ ಆಸರೆಯಾಗುತ್ತದೆ ನೋಡಿ.

ಕೆಲವರು, ಗೋರಿಗಳಿಗೆ ಹೆಸರು ಬರೆಯುವುದು ಸರಿಯೇ, ಅದು ದೀನಿಗೆ ಒಪ್ಪುತ್ತದೆಯೇ ಎಂದು ಕೇಳಿದರು. ನಾವು ಗೋರಿಯ ಮೇಲೆ ಏನನ್ನೂ ಬರೆಯಲಿಲ್ಲ, ಸಿಮೆಂಟು ಹಾಕಲಿಲ್ಲ, ಕಟ್ಟೆ ಕಟ್ಟಲಿಲ್ಲ. ಪ್ರವಾದಿಯವರು ತಮ್ಮ ಸಂಗಾತಿ ಉಸ್ಮಾನ್ ಬಿನ್ ಮಜ್‌ಊನ್ ಅವರ ಗೋರಿಯ ಬಳಿ ಗುರುತಿಗಾಗಿ ತಾವೇ ಒಂದು ಕಲ್ಲು ಇಟ್ಟರೆಂದು ಹದೀಸಿನಲ್ಲಿದೆ ಎಂದು ಇಮಾಂ ಸಾಹೇಬರು ಹೇಳಿದರು. ಗುರುತು ಬೇಕು, ಆಡಂಬರ ಬೇಡ. ನಾವು ಬರೆದದ್ದು ನೋಟ್‌ಬುಕ್ಕಿನಲ್ಲಿ ಮಾತ್ರ. ನೆಲಕ್ಕೆ ಒಂದು ನಕ್ಷೆ, ನಕ್ಷೆಗೆ ನಂಬರು, ನಂಬರಿಗೆ ಹೆಸರು.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಒಂದು ಉದ್ದ ನೋಟ್‌ಬುಕ್ಕು ತೆಗೆದುಕೊಳ್ಳಿ. ಆರು ಕಲಂ ಹಾಕಿ. ನಕ್ಷೆಯ ನಂಬರು, ಹೆಸರು, ತಾಯಿಯ ಮತ್ತು ತಂದೆಯ ಹೆಸರು, ತೀರಿಕೊಂಡ ವರ್ಷ, ಅವರು ಮಾಡುತ್ತಿದ್ದ ಕೆಲಸ, ಇದನ್ನು ಯಾರು ಹೇಳಿದರು. ಕೊನೆಯ ಕಲಮನ್ನು ಬಿಡಬೇಡಿ, ಮುಂದೆ ಓದುವವರು ನಂಬುವುದು ಅದನ್ನು ನೋಡಿಯೇ. 'ಕೆಲಸ' ಎಂಬ ಕಲಮಿನಲ್ಲಿ ಅಜ್ಜಿಯರ ಮುಂದೆ 'ಮನೆಗೆಲಸ' ಎಂದು ಬರೆದು ಮುಗಿಸಬೇಡಿ. ಆಕೆ ರೇಷ್ಮೆ ನೂಲು ತೆಗೆಯುತ್ತಿದ್ದರೇ, ಶೇಂಗಾ ಸುಲಿಯುತ್ತಿದ್ದರೇ, ಊರಿನ ಹೆರಿಗೆ ಮಾಡಿಸುತ್ತಿದ್ದರೇ ಎಂದು ಕೇಳಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಯಾರೇ ತೀರಿಕೊಂಡರೂ 21 ದಿನದೊಳಗೆ ನೋಂದಾಯಿಸಬೇಕು. ಗಂಡಸು ಹೋದರೆ ಜಮೀನಿನ ಖಾತೆಗಾಗಿ ನೋಂದಾಯಿಸುತ್ತೇವೆ, ಹೆಂಗಸು ಹೋದರೆ ಉದಾಸೀನ ಮಾಡುತ್ತೇವೆ. ಇನ್ನು ಮುಂದೆ ಹಾಗೆ ಆಗಬಾರದು. ನೋಟ್‌ಬುಕ್ಕಿನ ಒಂದು ಪ್ರತಿ ಮಸೀದಿಯಲ್ಲಿರಲಿ, ಒಂದು ಶಾಲೆಯಲ್ಲಿರಲಿ, ಒಂದು ಈ ಸಂಘದ ಕಪಾಟಿನಲ್ಲಿರಲಿ.

ಕೊನೆಯದಾಗಿ ನನ್ನ ನಾನಿಯ ಮಾತು. ಅಜ್ಜಿಯರು ನಾನಿಯನ್ನು ಹುಣಸೆ ಮರದ ಹತ್ತಿರ ಮಣ್ಣು ಮಾಡಿದರೆಂದು ಹೇಳಿದರು. ಹುಡುಗರು ಹುಡುಕಿದಾಗ ಹುಣಸೆಯ ಉತ್ತರಕ್ಕೆ ಹೆಸರಿಲ್ಲದ ಮೂರು ಗೋರಿಗಳು ಸಿಕ್ಕವು. ಮೂರರಲ್ಲಿ ಯಾವುದೆಂದು ಹೇಳುವವರು ಯಾರೂ ಉಳಿದಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ನಾನಿಯ ಹೆಸರಿನ ಮುಂದೆ 'ಹುಣಸೆಯ ಉತ್ತರಕ್ಕೆ, ಮೂರರಲ್ಲಿ ಒಂದು' ಎಂದು ಇದೆ. ನನ್ನ ಮಗ ಶಬೇಬರಾತಿನ ರಾತ್ರಿ ಹೋಗಿ ಮೂರೂ ಗೋರಿಗಳ ಬಳಿ ನಿಂತು ದುವಾ ಮಾಡಿ ಬಂದ. ಉಳಿದ ಇಬ್ಬರು ಯಾರೋ, ಅವರಿಗೂ ಸಂದಿತು.

ತೀರಿದವರಿಗೆ ನಾವು ಮೂರು ಹಿಡಿ ಮಣ್ಣು ಕೊಡುತ್ತೇವೆ. ಅದರ ಜೊತೆಗೆ ಒಂದು ಸಾಲು ಬರವಣಿಗೆಯನ್ನೂ ಕೊಡೋಣ. ಅದನ್ನು ಬರೆಯಲು ಬೇಕಾದ ಅಕ್ಷರಗಳನ್ನು ಈ ಸಂಘ ನಿಮಗೆ ಕಲಿಸುತ್ತಿದೆ. ಮುಂದಿನ ವರ್ಷದ ಸಮಾರಂಭಕ್ಕೆ ಬರುವಾಗ ನಿಮ್ಮ ನಿಮ್ಮ ಊರಿನ ನೋಟ್‌ಬುಕ್ಕು ತನ್ನಿ. ಎರಡೇ ಪುಟ ಇದ್ದರೂ ಚಿಂತೆಯಿಲ್ಲ.